10×50 ಬೈನಾಕ್ಯುಲರ್: ರಾಜಾನುಕುಂಟೆ ತಾರಸಿಯಿಂದ ನನ್ನ ಅನುಭವ

ಇಪ್ಪತ್ತೆಂಟು ವರ್ಷ ವಿಮಾನಗಳ ರಿಪೇರಿ, ತಪಾಸಣೆ ಕೆಲಸ ಮಾಡಿ ನಿವೃತ್ತನಾದವನು ನಾನು. 1997ರ ಒಂದು ರಾತ್ರಿ, ಬೆಂಗಳೂರಿನ ಹಳೇ ವಿಮಾನ ನಿಲ್ದಾಣದಲ್ಲಿ ಬಗ್ಗಿ ಟೈರ್ ನೋಡುತ್ತಿದ್ದೆ. ಜೊತೆಗಿದ್ದವನು ಭುಜ ತಟ್ಟಿದ. ನೆತ್ತಿಯ ಮೇಲೆ ಕಿತ್ತಳೆ ಬಣ್ಣದ ಬೆಳಕೊಂದು ಸದ್ದಿಲ್ಲದೆ ನಿಂತಿತ್ತು. ಆಮೇಲೆ ಉತ್ತರಕ್ಕೆ ಜಾರಿಹೋಯಿತು. ಮೂವರು ನೋಡಿದೆವು. ಬರೆದಿಡೋಣ ಅಂದರೆ ಮೇಲಿನವರು, "ಸುಮ್ನಿರಪ್ಪ, ತಲೆ ಕೆಟ್ಟಿದೆ ಅಂತಾರೆ" ಅಂದರು. ಬರೆಯಲಿಲ್ಲ. ಅದು ಇವತ್ತಿಗೂ ಕೊರೆಯುತ್ತದೆ. 2025ರ ಫೆಬ್ರವರಿಯಲ್ಲಿ 7,200 ರೂಪಾಯಿ ಕೊಟ್ಟು ಈ ಬೈನಾಕ್ಯುಲರ್ ಕೊಂಡಿದ್ದು ಅದಕ್ಕೇ. 10×50 ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜು 50 ಮಿ.ಮೀ. ಅಗಲ.

ಮೊದಲ ವಾರವೇ ಒಂದು ಪಾಠ ಆಯಿತು. ಪಶ್ಚಿಮದಲ್ಲಿ ಒಂದು ಬೆಳಕು, ಅಲ್ಲಾಡದೆ ನಿಂತಿದೆ. ಮೊಣಕೈ ಎರಡನ್ನೂ ತಾರಸಿಯ ಗೋಡೆಗೆ ಊರಿ, ಫೋಕಸ್ ಚಕ್ರ ನಿಧಾನವಾಗಿ ತಿರುಗಿಸಿದೆ. ಒಂದೇ ಚುಕ್ಕೆ ಇದ್ದದ್ದು ಬಿಡಿಬಿಡಿಯಾಯಿತು. ನಡುವೆ ಬಿಳಿ, ನನ್ನ ಬಲಕ್ಕೆ ಕೆಂಪು, ಎಡಕ್ಕೆ ಹಸಿರು. ವಿಮಾನದ ಎಡರೆಕ್ಕೆಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು ಇರುತ್ತದೆ. ಕೆಂಪು ನನ್ನ ಬಲಕ್ಕಿದೆ ಅಂದರೆ ವಿಮಾನದ ಮುಖ ನನ್ನತ್ತ, ಹಾಗಾಗಿ ಅದು ನನ್ನ ಕಡೆಗೇ ಬರುತ್ತಿತ್ತು. ಎದುರಿಗೆ ಬರುವ ವಿಮಾನ ನಿಂತ ಹಾಗೇ ಕಾಣುತ್ತದೆ. ಇಷ್ಟು ವರ್ಷ ವಿಮಾನದ ಜೊತೆಗೇ ಇದ್ದ ನನಗೂ ಬರಿಗಣ್ಣಿಗೆ ಗೊತ್ತಾಗಲಿಲ್ಲ.

ಮಾರ್ಚ್ ಮೊದಲ ವಾರ ಶುಕ್ರ ಗ್ರಹವನ್ನು ಬಿದಿಗೆ ಚಂದ್ರನ ಹಾಗೆ ನೋಡಿದೆ. ಗುರುವಿನ ಪಕ್ಕ ಅದರ ಚಂದ್ರರು ಸಾಲಾಗಿ ಕಂಡವು. ಆಗ ಕ್ಯಾಪ್ಟನ್ ಕೆಂಜು ತೆರಾವುಚಿ ನೆನಪಾದರು. 1986ರ ನವೆಂಬರ್ 17ರಂದು ಅಲಾಸ್ಕಾ ಮೇಲೆ ಜಪಾನ್ ಏರ್‌ಲೈನ್ಸ್‌ನ ಬೋಯಿಂಗ್ 747 ಸರಕು ವಿಮಾನ ಹಾರಿಸುವಾಗ, ವಿಚಿತ್ರ ಬೆಳಕುಗಳು ಜೊತೆಗೇ ಬರುತ್ತಿವೆ ಎಂದು ನೆಲದ ಮೇಲಿನ ಸಂಚಾರ ನಿಯಂತ್ರಣದವರಿಗೆ ಹೇಳಿದವರು. ಗುರುಗ್ರಹ ನೋಡಿ ಮೋಸಹೋದರು ಅಂದವರಿದ್ದಾರೆ. ಇರಬಹುದು. ಆದರೆ ಪತ್ರಿಕೆಗಳ ಮುಂದೆ ಬಾಯಿಬಿಟ್ಟಿದ್ದಕ್ಕೆ ಅವರನ್ನು ಹಾರಾಟ ಬಿಡಿಸಿ ಆಫೀಸ್ ಕೆಲಸಕ್ಕೆ ಹಾಕಿದ್ದು ತಪ್ಪು. ಹಾಗಾದರೆ ಮುಂದಿನವರು ಯಾಕೆ ಹೇಳ್ತಾರೆ? 2023ರ ನವೆಂಬರ್ 19ರಂದು ಇಂಫಾಲ ನಿಲ್ದಾಣದ ಮೇಲೆ ಗುರುತು ಸಿಗದ ವಸ್ತು ಕಂಡಾಗ ವಿಮಾನ ಸಂಚಾರವನ್ನೇ ಕೆಲವು ಗಂಟೆ ನಿಲ್ಲಿಸಿದರು. ಅದು ಸರಿಯಾದ ಕೆಲಸ, ಅಲ್ವಾ?

ಇನ್ನು ಸಾಮಾನಿನ ವಿಷಯ. ಭಾರ ಜಾಸ್ತಿ, ಹತ್ತತ್ತಿರ ಒಂದು ಕೆಜಿ. ಬರಿಗೈಯಲ್ಲಿ ಹಿಡಿದರೆ ನಕ್ಷತ್ರ ಕುಣಿಯುತ್ತದೆ. ಚಳಿಗಾಲದ ಬೆಳಗ್ಗೆ ಗಾಜಿಗೆ ಮಂಜು ಕೂರುತ್ತದೆ, ಒರೆಸಬೇಡಿ, ತಾನಾಗಿ ಆರಲಿ. ಅಂಗಡಿಯವರು ಮೊದಲು ಕೊಟ್ಟ ಪೀಸ್‌ನಲ್ಲಿ ಎರಡೆರಡು ಚಿತ್ರ ಕಾಣುತ್ತಿತ್ತು, ಮಾರನೇ ದಿನ ಬದಲಿಸಿದರು. ನೀವು ಕೊಳ್ಳುವಾಗ ಅಂಗಡಿ ಬಾಗಿಲಲ್ಲೇ ನಿಂತು ದೂರದ ಲೈಟು ಕಂಬ ನೋಡಿ. ಕಂಬ ಒಂದೇ ಕಂಡರೆ ಮಾತ್ರ ದುಡ್ಡು ಕೊಡಿ.

ಜೊತೆಗೆ ಒಂದು ನೋಟ್‌ಬುಕ್ಕೂ ತಗೊಳ್ಳಿ. ನಾನು ಸಮಯ, ದಿಕ್ಕು, ಎಷ್ಟು ಎತ್ತರ ಅಂತ ಬರೆಯುತ್ತೇನೆ. ಎತ್ತರವನ್ನು ಡಿಗ್ರಿಯಲ್ಲಿ ಅಳೆಯುತ್ತೇನೆ: ಕೈ ಚಾಚಿ ಮುಷ್ಟಿ ಹಿಡಿದರೆ ಅದು ಆಕಾಶದಲ್ಲಿ ಮುಚ್ಚುವ ಜಾಗ ಸುಮಾರು ಹತ್ತು ಡಿಗ್ರಿ. ಮೊದಲ ಪುಟದಲ್ಲಿ 1997ರ ಆ ರಾತ್ರಿಯನ್ನು ಬರೆದಿದ್ದೇನೆ.