ಪೇಜ್ ತೆರೆಯಲು 15 ಸೆಕೆಂಡ್: ಟೀಮ್ ವಿಕಿ ಜೊತೆ ನಮ್ಮ ಮೂರು ವರ್ಷ

ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು 22 ಜನರ ಮಷಿನ್ ಶಾಪ್. ಮೂರು ವರ್ಷದಿಂದ ಈ ಕ್ಲೌಡ್ ವಿಕಿಗೆ, ಅಂದರೆ ಟೀಮಿನವರೆಲ್ಲ ಸೇರಿ ಬರೆದು ಓದುವ ಆನ್‌ಲೈನ್ ನೋಟ್‌ಬುಕ್‌ಗೆ, ದುಡ್ಡು ಕಟ್ಟುತ್ತಿದ್ದೇವೆ. ಏನೇನು ಸೌಲಭ್ಯ ಇದೆ ಅಂತ ಅವರ ಸೈಟ್‌ನಲ್ಲೇ ಇದೆ, ಅದು ಬಿಡಿ.

ಬೆಳಿಗ್ಗೆ ಪಾಳಿ ಶುರುವಾಗುವ ಮುಂಚೆ ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಟ್ಯಾಬ್ಲೆಟ್. ಆ ದಿನದ ಜಾಬ್‌ನ ಪೇಜ್ ತೆರೆಯುತ್ತೇನೆ. ಯಾವ ಟೂಲ್, ಸೆಟ್ಟಿಂಗ್ ಹೇಗೆ, ಹೋದ ಸಲ ಯಾವ ಅಳತೆ ತಪ್ಪಿತ್ತು, ಎಲ್ಲ ಅದರಲ್ಲೇ. ರಾತ್ರಿ ಪಾಳಿಯವರು ಬರೆದಿಟ್ಟ ನಾಲ್ಕು ಸಾಲು ಓದುವುದು ನನಗೆ ತುಂಬಾ ಇಷ್ಟ.

ಮೊದಲ ವರ್ಷ ಚೆನ್ನಾಗಿತ್ತು. ಆಮೇಲೆ ಪೇಜ್ ತೆರೆಯಲು 15 ಸೆಕೆಂಡ್ ಹಿಡಿಯತೊಡಗಿತು. "ಸರ್, ಇನ್ನೂ ತಿರಗಾಕತ್ತೈತ್ರಿ" ಅಂತ ಹುಡುಗರು ಟ್ಯಾಬ್ಲೆಟ್ ತೋರಿಸುತ್ತಿದ್ದರು. ಕೊನೆಗೆ ನೋಡುವುದನ್ನೇ ಬಿಟ್ಟರು. ಹಳೇ ಪ್ರಿಂಟ್ ನೋಡಿ ತಪ್ಪು ಅಳತೆಗೆ ರಂಧ್ರ ಕೊರೆದು 12 ಪೀಸ್ ಸ್ಕ್ರ್ಯಾಪ್ ಆದ ದಿನ ನನಗೆ ನಿಜಕ್ಕೂ ಸಿಟ್ಟು ಬಂತು.

ಸಪೋರ್ಟ್‌ಗೆ ಬರೆದರೆ ಬ್ರೌಸರ್‌ನ ಕ್ಯಾಶ್ (ಉಳಿಸಿಟ್ಟ ಹಳೇ ಫೈಲ್‌ಗಳು) ಕ್ಲಿಯರ್ ಮಾಡಿ, ಬೇರೆ ಬ್ರೌಸರ್‌ನಲ್ಲಿ ನೋಡಿ, ಎರಡು ವಾರ ಇದೇ ಮಾತು. ಮೂರನೇ ಸಲ ಉತ್ತರಿಸಿದವರು ಮಾತ್ರ ಹಾರ್ (HAR) ಫೈಲ್ ಕೇಳಿದರು. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆರೆದು ಪೇಜ್ ರೀಲೋಡ್ ಮಾಡಿದರೆ ಯಾವ ಫೈಲ್ ಎಷ್ಟು ಹೊತ್ತು ತಗೊಂಡಿತು ಅಂತ ಸಾಲಾಗಿ ಕಾಣುತ್ತದೆ, ಅದನ್ನೇ ಸೇವ್ ಮಾಡಿ ಕಳಿಸುವುದು. (ಅದರಲ್ಲಿ ನಿಮ್ಮ ಲಾಗಿನ್ ಕುಕಿಗಳೂ ಇರಬಹುದು, ತೆಗೆದು ಕಳಿಸಿ.)

ಆ ಪಟ್ಟಿ ನೋಡಿದಾಗ ಅರ್ಧ ತಪ್ಪು ನಮ್ಮದೇ ಅಂತ ಗೊತ್ತಾಯಿತು. ಒಂದೇ ಪೇಜ್‌ನಲ್ಲಿ ಮೊಬೈಲ್‌ನಿಂದ ನೇರ ಹಾಕಿದ 38 ಫೋಟೋ, ಒಂದೊಂದೂ 4-5 ಎಂಬಿ. ಕಾಣುವುದು ಅಂಗೈಯಷ್ಟು, ಇಳಿಯುವುದು ಪೂರ್ತಿ ಫೋಟೋ. ಜೊತೆಗೆ ಎಲ್ಲ ಜಾಬ್‌ಗಳನ್ನು ಹುಡುಕಿ ಪಟ್ಟಿ ಮಾಡುವ ಮ್ಯಾಕ್ರೋವನ್ನು (ತಾನೇ ಓಡುವ ಚಿಕ್ಕ ಪ್ರೋಗ್ರಾಂ) ಎಲ್ಲ ಪೇಜ್‌ಗೂ ಅಚ್ಚಾಗಿರುವ ಟೆಂಪ್ಲೇಟ್‌ನಲ್ಲೇ ಇಟ್ಟಿದ್ದೆವು, ಅದು ಪ್ರತಿ ಪೇಜ್‌ನಲ್ಲೂ ಪ್ರತಿ ಸಲ ಓಡುತ್ತಿತ್ತು. ಎರಡು ಭಾನುವಾರ ಕೂತು ಫೋಟೋಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿದೆ, ಮ್ಯಾಕ್ರೋವನ್ನು ಒಂದೇ ಪೇಜ್‌ಗೆ ಸರಿಸಿದೆ, ಹಳೇ ದಾಖಲೆಗಳಿಗೆ ಬೇರೆ ಪೇಜ್ ಮಾಡಿದೆ. ಈಗ 4 ಸೆಕೆಂಡ್.

ಆದರೆ ಅಪ್‌ಲೋಡ್ ಆದ ಫೋಟೋವನ್ನು ತಾನೇ ಚಿಕ್ಕದು ಮಾಡಿ ತೋರಿಸುವುದು ವಿಕಿಯ ಕೆಲಸ ಅಲ್ವಾ? ಇನ್ನು ಉಳಿದ 4 ಸೆಕೆಂಡ್. ಸರ್ವರ್ ಇರುವುದು ಅಮೆರಿಕದಲ್ಲಿ. ಇಲ್ಲಿಂದ ಒಂದು ಸಲ ಕೇಳಿ ಉತ್ತರ ಬರಲು 200 ಮಿಲಿಸೆಕೆಂಡ್‌ಗಿಂತ ಜಾಸ್ತಿ. ಒಂದರ ಉತ್ತರ ಬಂದ ಮೇಲೆ ಇನ್ನೊಂದು ಕೇಳುತ್ತಾ ಹೋದರೆ ಅದೇ ಸೇರಿ ಸೇರಿ ಸೆಕೆಂಡ್‌ಗಳಾಗುತ್ತದೆ. ಅಮೆಜಾನ್ ಮುಂಬೈನಲ್ಲಿ ಕ್ಲೌಡ್ ಕೇಂದ್ರ ತೆರೆದದ್ದೇ 2016ರಲ್ಲಿ, ಹಾಗಾಗಿ ಇಲ್ಲಿ ಜಾಗವಿಲ್ಲ ಅನ್ನುವ ಹಾಗಿಲ್ಲ. ಡೇಟಾ ಭಾರತದಲ್ಲಿ ಬೇಕೆಂದರೆ ಮೇಲಿನ ಪ್ಲಾನ್ ತಗೊಳ್ಳಿ ಅನ್ನುತ್ತಾರೆ, ಅದು ಹೆಚ್ಚುಕಡಿಮೆ ಎರಡು ಪಟ್ಟು. ನಮ್ಮಂಥ ಶಾಪ್‌ಗೆ ಅದು ಆಗುವುದಿಲ್ಲ.

ಐದಕ್ಕೆ ಮೂರು ಸ್ಟಾರ್. ಈ ವರ್ಷವೂ ರಿನ್ಯೂ ಮಾಡಿದ್ದೇವೆ, ಒಂದೇ ವರ್ಷಕ್ಕೆ. ರಾತ್ರಿ ಪಾಳಿಯವರು ಮತ್ತೆ ಬರೆಯುತ್ತಿದ್ದಾರೆ. ನಿನ್ನೆ ಒಬ್ಬ, ಇನ್ಸರ್ಟ್ (ಟೂಲ್ ತುದಿಯ ಕತ್ತರಿಸುವ ತುಂಡು) ಯಾಕೆ ಬೇಗ ಸವೆಯುತ್ತಿದೆ ಅಂತ ಅರ್ಧ ಪುಟ ಬರೆದಿದ್ದ.