ಕಡಲ ಮಗ್ಗುಲಿನ ಒಂಬತ್ತು ಹೋಲ್‌ಗಳನ್ನು ಎರಡು ಸಲ ಆಡಿದ್ದು

ಕಾರವಾರದಲ್ಲಿರುವ ನನ್ನಂಥವರಿಗೆ ಗಾಲ್ಫ್ ಆಡಬೇಕೆನ್ನಿಸಿದರೆ ಕಾಳಿ ಸೇತುವೆ ದಾಟಿ, ಮಾಜಾಳಿಯ ಗಡಿ ಕಳೆದು, ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣ ಗೋವಾಕ್ಕೆ ಹೋಗುವುದೇ ಅನುಕೂಲ. ಜನವರಿಯ ಒಂದು ಶನಿವಾರ, ಶಿರಸಿಯಿಂದ ಬಂದಿದ್ದ ಭಾವನನ್ನೂ ಕರೆದುಕೊಂಡು ಅಲ್ಲಿನ ರೆಸಾರ್ಟೊಂದರ ಒಂಬತ್ತು ಹೋಲ್‌ಗಳ (ಮೊದಲ ಹೊಡೆತದ ಜಾಗದಿಂದ ಚೆಂಡು ಬೀಳಬೇಕಾದ ಕುಳಿಯವರೆಗಿನ ಒಂದೊಂದು ಓಟವೂ ಒಂದು ಹೋಲ್) ಮೈದಾನದಲ್ಲಿ ಆಡಿ ಬಂದೆ. ಈ ಬರಹದಲ್ಲಿ ಒಂದು ದೂರೂ ಇರುವುದರಿಂದ ರೆಸಾರ್ಟಿನ ಹೆಸರನ್ನು ಬಿಟ್ಟಿದ್ದೇನೆ.

ಹದಿನೆಂಟು ಹೋಲ್‌ಗಳ ಪೂರ್ತಿ ಆಟವಾಗಬೇಕಾದರೆ ಇಲ್ಲಿ ಅದೇ ಒಂಬತ್ತನ್ನು ಎರಡು ಸಲ ಆಡಬೇಕು. ಒಂದು ಸುತ್ತಿನ ಹಣ ಕೊಟ್ಟು ಬಂದರೆ ಸಾಕಲ್ಲವೇ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಈ ಮೈದಾನವನ್ನು ಆಡಿಸುವುದು ಗಾಳಿ. ನಾವು 7:30ಕ್ಕೆ ಆರಂಭಿಸಿದಾಗ ರಾತ್ರಿ ತಣಿದ ನೆಲದ ಕಡೆಯಿಂದ ಸಮುದ್ರದತ್ತ ಮೆಲುವಾದ ಗಾಳಿಯಿತ್ತು. ನೆಲ ಕಾದಂತೆ ಅದು ನಿಂತು, 11 ಗಂಟೆಯ ಹೊತ್ತಿಗೆ ಕಡಲಗಾಳಿ ಎದುರಿನಿಂದ ಬೀಸತೊಡಗಿತು. ನಾಲ್ಕನೆಯ ಹೋಲ್ ನೇರವಾಗಿ ಕಡಲಿಗೆ ಮುಖ ಮಾಡಿದೆ. ಮೊದಲ ಸುತ್ತಿನಲ್ಲಿ ಸುಮಾರು 140 ಮೀಟರ್ ದೂರದಿಂದ ನಾನು 7ನೆಯ ಐರನ್‌ನಿಂದ (ಐರನ್ ಎಂಬ ಕ್ಲಬ್ಬುಗಳಲ್ಲಿ ಸಂಖ್ಯೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ) ಹೊಡೆದ ಚೆಂಡು ಗ್ರೀನನ್ನು, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು, ದಾಟಿ, ಬಿಳಿಯ ಗೂಟಗಳಾಚೆಯ ಮರಳಿಗೆ ಬಿದ್ದಿತು. ಗಡಿ ದಾಟಿದ್ದರಿಂದ ಒಂದು ಹೊಡೆತದ ದಂಡ ತೆತ್ತು ಮೊದಲು ಹೊಡೆದ ಜಾಗದಿಂದಲೇ ಮತ್ತೆ ಹೊಡೆಯಬೇಕಾಯಿತು. ಎರಡನೆಯ ಸುತ್ತಿನಲ್ಲಿ ಅಷ್ಟೇ ದೂರಕ್ಕೆ 5ನೆಯ ಐರನ್ ತೆಗೆದುಕೊಂಡರೂ ಚೆಂಡು ಗ್ರೀನಿನ ಮುಂದಿನ ಬಂಕರಿನಲ್ಲಿ, ಅಂದರೆ ಮರಳಿನ ಗುಂಡಿಯಲ್ಲಿ, ಕುಳಿತಿತು. ಕ್ಲಬ್ಬುಗಳನ್ನು ಹೊತ್ತು ಜೊತೆಗೆ ಬರುವ ಕ್ಯಾಡಿ ನಕ್ಕು, ಚೆಂಡನ್ನು ಹಿಂದಿನ ಕಾಲಿನ ಕಡೆಗೆ ಇಟ್ಟುಕೊಂಡು, ಕ್ಲಬ್ಬನ್ನು ಸ್ವಲ್ಪ ಕೆಳಗೆ ಹಿಡಿದು, ಅರ್ಧ ಬೀಸಿನಲ್ಲಿ ತಗ್ಗಾಗಿ ಓಡಿಸಬೇಕೆಂದು ಕೊಂಕಣಿಯಲ್ಲಿ ಹೇಳಿದ. ಮುಂದಿನ ಹೋಲ್‌ಗಳಲ್ಲಿ ಅವನ ಮಾತು ಕೇಳಿದ್ದರಿಂದಲೇ ನನ್ನ ಸ್ಕೋರ್ ಕಾರ್ಡಿನ ಮರ್ಯಾದೆ ಉಳಿಯಿತು.

ಗ್ರೀನುಗಳೂ ಹಾಗೆಯೇ. ಬೆಳಗ್ಗೆ ಇಬ್ಬನಿಯಲ್ಲಿ ಚೆಂಡು ಅರ್ಧ ದಾರಿಯಲ್ಲಿ ನಿಲ್ಲುತ್ತಿತ್ತು. ಹುಲ್ಲು ಒಣಗಿದ ಮೇಲೆ ಅದೇ ಬಲದ ಪಟ್ (ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಹೊಡೆತ) 108 ಮಿಲಿಮೀಟರಿನ ಕುಳಿಯನ್ನು ಸವರಿಕೊಂಡು ಮುಂದೆ ಹೋಗುತ್ತಿತ್ತು. 2019ರ ನಿಯಮದಂತೆ ಪಟ್ ಮಾಡುವಾಗ ಬಾವುಟದ ಕೋಲನ್ನು ತೆಗೆಯದೆ ಆಡಬಹುದಾದ್ದರಿಂದ, ಒಮ್ಮೆ ಆ ಕೋಲಿಗೆ ತಾಗಿಯೇ ಚೆಂಡು ಕುಳಿಯೊಳಗಿಳಿಯಿತು.

ಕಡಲ ನೋಟದ ಬಗ್ಗೆ ಹೆಚ್ಚು ಬರೆಯಲಾರೆ; ಮನೆಯ ಮುಂದೆಯೇ ಕಡಲಿರುವ ಕಾರವಾರದವರಿಗೆ ಅದಕ್ಕಾಗಿ ಗಡಿ ದಾಟಬೇಕಾದ್ದಿಲ್ಲ. ಭಾವ ಮಾತ್ರ ಐದನೆಯ ಹೋಲ್ ಶುರುವಾಗುವ ಟೀ ಮೇಲೆ ನಿಂತು ಸುತ್ತಲೂ ನೋಡಿ, ಇಷ್ಟು ನೀರು ಕುಡಿಯುವ ಹುಲ್ಲಿನ ಬದಲು ಅಡಿಕೆ ಸಸಿ ಹಚ್ಚಿದ್ದರೆ ಎಷ್ಟಾಗುತ್ತಿತ್ತೆಂದು ಲೆಕ್ಕ ಹಾಕತೊಡಗಿದರು.

ನನ್ನ ದೂರು ಅವರಿಗೆ ಸಂಬಂಧಿಸಿದ್ದು. ಭಾವ ಎಡಚರು. ಎರಡು ದಿನ ಮೊದಲೇ ಫೋನ್ ಮಾಡಿ ಎಡಗೈಯವರ ಕ್ಲಬ್ಬುಗಳು ಬಾಡಿಗೆಗೆ ಸಿಗುತ್ತವೆಯೇ ಎಂದು ಕೇಳಿ, ಸಿಗುತ್ತವೆ ಎಂಬ ಉತ್ತರ ಪಡೆದಿದ್ದೆ. ಅಲ್ಲಿ ಹೋದಾಗ ಇದ್ದದ್ದು ಎಡಗೈಯ ಒಂದು ಪಟರ್ (ಪಟ್ ಮಾಡುವ ಕ್ಲಬ್ಬು) ಮಾತ್ರ. ಬಲಗೈಯ ಸೆಟ್‌ನಲ್ಲೂ ಮರಳಿನಿಂದ ಚೆಂಡೆತ್ತುವ ಸ್ಯಾಂಡ್ ವೆಜ್ ಇರಲಿಲ್ಲ, ಹಿಡಿಗಳ ರಬ್ಬರು ಸವೆದು ನುಣುಪಾಗಿತ್ತು. ಮೊದಲ ಬಾರಿಗೆ ಆಡುವವರು ಬೆವರಿದ ಕೈಯಲ್ಲಿ ಅಂಥ ಕ್ಲಬ್ಬನ್ನು, ಅದೂ ತಿರುಗಾಮುರುಗಾ ಹಿಡಿದು ಆಡುವುದನ್ನು ನೋಡುವುದು ಕಷ್ಟವೇ ಆಯಿತು. ಪೂರ್ತಿ ಬಾಡಿಗೆ ವಸೂಲು ಮಾಡಿದ್ದು ಸರಿಯಲ್ಲವೆಂದು ನಾನು ಹೇಳಿದಾಗ ಕೌಂಟರಿನವರು ಒಪ್ಪಿದರಾದರೂ ಹಣ ಹಿಂದಿರುಗಿಸಲಿಲ್ಲ. ಕ್ಯಾಡಿಯ ಸಂಭಾವನೆ ಮೈದಾನದ ಶುಲ್ಕದಲ್ಲಿ ಸೇರಿಲ್ಲವೆಂಬುದೂ ಕೊನೆಯಲ್ಲಿ ಗೊತ್ತಾಯಿತು. ಹೋಗುವವರು ಮೊದಲೇ ಕೇಳಿಕೊಳ್ಳಬೇಕು.

ಫೆಬ್ರುವರಿಗೆ ಮತ್ತೆ ಎರಡು ಸುತ್ತು ಕಾದಿರಿಸಿಯೇ ಹೊರಟೆವು. ಎಡಗೈಯ ಸೆಟ್ ಬೇಕೆಂಬುದನ್ನು ಈ ಸಲ ನನ್ನೆದುರಿಗೇ ರಿಜಿಸ್ಟರಿನಲ್ಲಿ ಬರೆಸಿದ್ದೇನೆ. ಭಾವ ಅದನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡಿದ್ದಾರೆ.