ರೆಸ್ಟೋರೆಂಟಿನ ಪಾತ್ರೆ, ತಟ್ಟೆ, ಚಮಚ: ತೊಳೆತದಲ್ಲಿ ಉಳಿದವು ಮತ್ತು ಸೋತವು

ಮನೆಯ ಬಾಣಲೆ ದಿನಕ್ಕೆ ಎರಡು ಬಾರಿ ಒಲೆಯೇರಿದರೆ ಹೆಚ್ಚು. ರೆಸ್ಟೋರೆಂಟಿನ ಬಾಣಲೆ ಒಂದೇ ಹೊತ್ತಿನಲ್ಲಿ ಹತ್ತಾರು ಬಾರಿ ಕಾಯುತ್ತದೆ, ಆರುತ್ತದೆ, ಉಜ್ಜಿಸಿಕೊಳ್ಳುತ್ತದೆ. ಆದ್ದರಿಂದ ಕೊಂಡ ದಿನದ ಹೊಳಪನ್ನು ಬದಿಗಿಟ್ಟು, ತಿಂಗಳುಗಟ್ಟಲೆ ತೊಳೆದ ಮೇಲೆ ಯಾವುದು ಹೇಗೆ ಉಳಿಯಿತು ಎಂಬುದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಈ ವಿಮರ್ಶೆ ಬರೆದಿದ್ದೇನೆ.

ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿಯಾದರೂ ಶಾಖವನ್ನು ಹರಡುವುದರಲ್ಲಿ ಬಲು ಮಂದ. ಅಲ್ಯೂಮಿನಿಯಂಗೆ ಹೋಲಿಸಿದರೆ ಅದರ ಶಾಖವಾಹಕತೆ ಸುಮಾರು ಹದಿನೈದರಲ್ಲಿ ಒಂದು ಪಾಲು ಮಾತ್ರ. ಒಂದೇ ಪದರದ ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗಿದ ಕಡೆ ಅಡುಗೆ ಸೀದು, ಉಳಿದ ಕಡೆ ಬೇಯದೆ ಉಳಿಯುವುದು ಇದರಿಂದಲೇ. ತಳಕ್ಕೆ ಮಾತ್ರ ಅಲ್ಯೂಮಿನಿಯಂ ಬಿಲ್ಲೆ ಕೂರಿಸಿದ ಪಾತ್ರೆ ನೀರು ಕುದಿಸಲು, ತೆಳು ಸಾರುಗಳಿಗೆ ಸಾಕು. ಆದರೆ ದೊಡ್ಡ ಗ್ಯಾಸ್ ಒಲೆಯ ಜ್ವಾಲೆ ಬಿಲ್ಲೆಯನ್ನು ದಾಟಿ ಮೇಲೇರಿದಾಗ, ಅದರ ಅಂಚಿನ ಸುತ್ತಲೂ ಕಪ್ಪು ಬಳೆಯಂತೆ ಅಡುಗೆ ಹತ್ತಿಕೊಳ್ಳುತ್ತದೆ. ಮಂದವಾದ ಅಡುಗೆಗೆ, ಅಲ್ಯೂಮಿನಿಯಂ ಪದರ ಬದಿಗಳವರೆಗೂ ಏರಿರುವ ಮೂರು ಪದರದ ಪಾತ್ರೆಯೇ ಸರಿ. ದುಬಾರಿ ಎಂಬುದು ನಿಜ, ಆದರೆ ಸೀದ ಅಡುಗೆಯನ್ನು ಚೆಲ್ಲುವುದೂ ಅಗ್ಗವಲ್ಲ.

ಬಾಣಲೆಗಳಲ್ಲಿ ನನ್ನ ಮೊದಲ ಆಯ್ಕೆ ಎರಡರಿಂದ ಮೂರು ಮಿಲಿಮೀಟರ್ ದಪ್ಪದ ಕಾರ್ಬನ್ ಸ್ಟೀಲ್. ಎಣ್ಣೆ ಸವರಿ ಕಾಯಿಸಿ ಪಳಗಿಸಿದರೆ ಅದು ವರ್ಷಗಟ್ಟಲೆ ದುಡಿಯುತ್ತದೆ. ಹುಳಿ ಪದಾರ್ಥ ಕುದಿಸಿದರೆ ಮಾತ್ರ ಪಳಗಿದ ಪದರ ಕಿತ್ತುಬರುತ್ತದೆ. ನಾನ್‌ಸ್ಟಿಕ್ ಬಾಣಲೆಯ ಟೆಫ್ಲಾನ್ ಲೇಪನ ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕೆಡತೊಡಗುತ್ತದೆ, ಖಾಲಿ ಬಾಣಲೆ ದೊಡ್ಡ ಉರಿಯ ಮೇಲೆ ಕೆಲವೇ ನಿಮಿಷಗಳಲ್ಲಿ ಆ ಮಟ್ಟ ಮುಟ್ಟುತ್ತದೆ. ಕೈಯಲ್ಲಿ ಉಕ್ಕಿನ ಇಕ್ಕಳ ಹಿಡಿದು ಅವಸರದಲ್ಲಿರುವ ಅಡುಗೆಯವರಿಂದ ಅದು ಬಹುಕಾಲ ಬಾಳೀತೆಂದು ನಿರೀಕ್ಷಿಸುವುದು ಅನ್ಯಾಯ. ಮೊಟ್ಟೆಗೆಂದು ಒಂದೆರಡು ಇಟ್ಟುಕೊಂಡು, ಸವೆದಾಗ ಬದಲಾಯಿಸುವುದೇ ಲೇಸು.

ಚಾಕುಗಳ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ: ಹನ್ನೆರಡು ಚಾಕುಗಳ ಸೆಟ್ ಬೇಡ, ಬೇಗ ಮಸೆಯಬಹುದಾದ ಎರಡು ಮೂರು ಒಳ್ಳೆಯ ಚಾಕುಗಳು ಸಾಕು.

ನಾನು ಮಾಡಿದ ಅತ್ಯುತ್ತಮ ಖರೀದಿ ಅತಿಥಿಗಳ ಕಣ್ಣಿಗೆ ಬೀಳುವಂಥದ್ದೇ ಅಲ್ಲ. ಅದು ಗ್ಯಾಸ್ಟ್ರೊನಾರ್ಮ್ ಎಂಬ, ವೃತ್ತಿಪರ ಅಡುಗೆಮನೆಗಳಿಗೆಂದು ನಿಗದಿಯಾದ ಅಳತೆಯ ಸ್ಟೀಲ್ ಟ್ರೇಗಳು: ಪೂರ್ಣ ಅಳತೆಯದು 530 × 325 ಮಿಲಿಮೀಟರ್, ಅರ್ಧದ್ದು 325 × 265. ಒಂದೇ ಟ್ರೇ ಫ್ರಿಜ್ಜಿನಿಂದ ಓವನ್‌ಗೂ ಅಲ್ಲಿಂದ ಬಿಸಿನೀರಿನ ತೊಟ್ಟಿಗೂ ನೇರವಾಗಿ ಹೋಗುತ್ತದೆ, ಎಲ್ಲೆಡೆ ಸರಿಯಾಗಿ ಕೂರುತ್ತದೆ. ಬೇರೆ ಬೇರೆ ತಯಾರಕರ ಟ್ರೇ, ಮುಚ್ಚಳಗಳೂ ಬಹುಪಾಲು ಹೊಂದುತ್ತವೆ. ಇದನ್ನು ಮೊದಲು ತೀರ್ಮಾನಿಸಿ, ಫ್ರಿಜ್ಜನ್ನೂ ಓವನ್ನನ್ನೂ ಆ ಅಳತೆಗೆ ತಕ್ಕಂತೆ ಕೊಳ್ಳಬೇಕು. ನಾನು ತಿರುಗುಮುರುಗಾಗಿ ಮಾಡಿ, ಒಂದು ಫ್ರಿಜ್ಜಿನ ಪ್ರತಿ ಅರೆಯಲ್ಲೂ ಒಂದು ಗೇಣು ಜಾಗವನ್ನು ಖಾಲಿ ಬಿಟ್ಟುಕೊಂಡಿದ್ದೇನೆ.

ತಟ್ಟೆಗಳಲ್ಲಿ ಎಡವಿದ್ದೂ ನಾನೇ. ಹೊಳಪಿಲ್ಲದ ಬೂದು ಬಣ್ಣದ, ನೋಡಲು ಬಹು ಸೊಗಸಾದ ತಟ್ಟೆಗಳನ್ನು ಒಬ್ಬ ವ್ಯಾಪಾರಿಯಿಂದ ಒಟ್ಟಿಗೆ ಕೊಂಡೆ. ತಿಂಗಳೊಳಗೆ ಫೋರ್ಕುಗಳ ಲೋಹ ಅವುಗಳ ಮೇಲೆ ಪೆನ್ಸಿಲ್ಲಿನಂತೆ ಗೆರೆ ಎಳೆದಿತ್ತು. ತಳದ ಬಳೆಗೆ ಮೆರುಗು ಇಲ್ಲದ್ದರಿಂದ ಪೇರಿಸಿದಾಗ ಮೇಲಿನದು ಕೆಳಗಿನದನ್ನು ಕೆರೆಯುತ್ತಿತ್ತು. ಒಡೆದವಕ್ಕೆ ಬದಲಿ ಕೇಳಿದಾಗ ಆ ವಿನ್ಯಾಸವೇ ನಿಂತುಹೋಗಿದೆ ಎಂಬ ಉತ್ತರ ಬಂತು. ಈಗ ಬಳಸುವುದು ಪೂರ್ಣ ಸುಟ್ಟ ಬಿಳಿ ಪೋರ್ಸಲಿನ್. ಅದು ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲವಾದ್ದರಿಂದ, ಮಣ್ಣಿನ ತಟ್ಟೆಗಳಂತೆ ಚಕ್ಕೆ ಎದ್ದ ಕಡೆ ನೀರು ಹೀರಿ ಕಪ್ಪಾಗುವುದಿಲ್ಲ. ಅಂಚು ಉರುಟಾಗಿ ದಪ್ಪವಿರುವುದನ್ನೇ ಆರಿಸಬೇಕು.

ಚಮಚ, ಫೋರ್ಕುಗಳ ಮೇಲೆ 18/10 ಎಂದಿದ್ದರೆ ಶೇ. 18 ಕ್ರೋಮಿಯಂ, ಶೇ. 10 ನಿಕಲ್ ಎಂದರ್ಥ. ನಿಕಲ್ ಇಲ್ಲದ 18/0 ಅಗ್ಗ, ಅಯಸ್ಕಾಂತಕ್ಕೆ ಅಂಟುತ್ತದೆ, ಉಪ್ಪುನೀರಿನಲ್ಲಿ ನೆನೆಯಲು ಬಿಟ್ಟರೆ ಬೇಗ ಕಲೆ ಹಿಡಿಯುತ್ತದೆ.

ಯಾವುದನ್ನೇ ಆಗಲಿ ಸಗಟಾಗಿ ಕೊಳ್ಳುವ ಮೊದಲು ಆರು ತಟ್ಟೆಗಳನ್ನು ಮಾತ್ರ ತಂದು, ಎರಡು ವಾರ ಯಂತ್ರದಲ್ಲಿ ತೊಳೆದು, ಪೇರಿಸಿ, ಫೋರ್ಕಿನಿಂದ ಗೀರಿ ನೋಡುತ್ತೇನೆ. ಮಾದರಿ ಕೊಡಲು ಹಿಂಜರಿಯುವವರ ಬಳಿ ಈಗ ವ್ಯಾಪಾರ ಮಾಡುವುದಿಲ್ಲ.